ಬಾಗಿಲ ಬಳಿ ಮುಖ ತಿರುಗಿಸುವ ಮಗು: ಪುಟ್ಟ ಮಕ್ಕಳ ಮನಸ್ಸು ಓದಲು ಕಲಿಯುವುದು ಹೇಗೆ

ರಾತ್ರಿ ಎಂಟೂವರೆ. ಬೆಳ್ಳಂದೂರಿನ ಆಫೀಸಿನಿಂದ ಹೊರಟು, ಸಿಲ್ಕ್ ಬೋರ್ಡ್ ದಾಟಿ, ಹನುಮಂತನಗರದ ಮನೆ ಸೇರುವಷ್ಟರಲ್ಲಿ ಒಂದೂಮುಕ್ಕಾಲು ಗಂಟೆ ಕಳೆದಿರುತ್ತಿತ್ತು. ಎರಡೂವರೆ ವರ್ಷದ ಮಗಳು ಓಡಿ ಬಂದು ಕಾಲು ತಬ್ಬಿಕೊಳ್ಳುತ್ತಾಳೆ ಎಂದುಕೊಂಡು ಒಳಗೆ ಬಂದರೆ, ಅವಳು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ "ಅಪ್ಪ ಬೇಡ, ಹೋಗು" ಎನ್ನುತ್ತಿದ್ದಳು. ಹೀಗೆ ಸುಮಾರು ಎರಡು ವಾರ ನಡೆಯಿತು. ಚಾಕೊಲೇಟ್ ತಂದುಕೊಟ್ಟೆ, ಎತ್ತಿ ಗಿರಗಿರ ತಿರುಗಿಸಿದೆ, ಏನೂ ಉಪಯೋಗವಾಗಲಿಲ್ಲ. ಒಂದು ರಾತ್ರಿ ದಣಿವು, ಸಿಟ್ಟು ಎರಡೂ ಸೇರಿ "ಸರಿ, ಅಪ್ಪ ಹೋಗ್ತೀನಿ, ಇನ್ನು ಬರೋದೇ ಇಲ್ಲ" ಎಂದುಬಿಟ್ಟೆ. ಆಗ ಅವಳು ಅತ್ತ ಅಳು ಇನ್ನೂ ನನ್ನ ಕಿವಿಯಲ್ಲಿದೆ. ಅಮ್ಮ ಅವಳನ್ನು ಎತ್ತಿಕೊಂಡು ಬೆನ್ನು ಸವರುತ್ತ ಹೇಳಿದರು: "ನೀನು ಬೇಡ ಅಂತಲ್ಲ ಕಣೋ. ಇಷ್ಟೊತ್ತು ಎಲ್ಲಿದ್ದೆ ಅಂತ ಮುನಿಸು."

ಬೀದಿಯಲ್ಲಿ ಹೋಗುವವರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಆ ಪದವನ್ನು ನಾವು ಹತ್ತಿರದವರಿಗಾಗಿಯೇ ಇಟ್ಟುಕೊಂಡಿದ್ದೇವೆ. ಮಗಳ "ಬೇಡ" ಎಂಬ ಮಾತಿನೊಳಗೆ "ಬೇಕಿತ್ತು" ಎಂಬುದು ಕೂತಿದೆ ಎಂದು ಅಮ್ಮನಿಗೆ ತಕ್ಷಣ ಕಂಡಿತ್ತು. ನನಗೆ ಅದನ್ನು ಕಲಿಯಲು ತಿಂಗಳುಗಳೇ ಬೇಕಾದವು. ಕಲಿತದ್ದನ್ನು ಹುಟ್ಟಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿರುವ ಮನೆಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ದಿನದ ಹೆಚ್ಚು ಹೊತ್ತು ಮನೆಯ ಹೊರಗಿರುವ ಅಪ್ಪ ಅಮ್ಮಂದಿರು ಓದಬೇಕೆಂಬುದು ನನ್ನ ಮುಖ್ಯ ಆಸೆ.

ಮೊದಲು, ಬಂಧ ಎಲ್ಲಿ ಬೆಳೆಯುತ್ತದೆ ಎಂಬುದು

ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಒಂದು ವರದಿ ಬರೆದರು. ಎಳೆಯ ಮಗುವಿಗೆ ತಾಯಿಯ ಜೊತೆ, ಇಲ್ಲವೇ ಆ ಸ್ಥಾನದಲ್ಲಿ ಸದಾ ಇರುವ ಒಬ್ಬರ ಜೊತೆ, ಬೆಚ್ಚಗಿನ ಮತ್ತು ಕಡಿಯದ ಸಂಬಂಧ ಬೇಕೇಬೇಕು ಎಂಬುದು ಅದರ ತಿರುಳು. ಅವರ ಜೊತೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಮನೆಮನೆಗೆ ಹೋಗಿ ತಾಯಿ ಮಕ್ಕಳನ್ನು ಗಂಟೆಗಟ್ಟಲೆ ನೋಡಿದರು. ಒಂದು ವರ್ಷದ ಆಸುಪಾಸಿನ ಮಕ್ಕಳಿಗಾಗಿ ಅವರು ರೂಪಿಸಿದ ಪರೀಕ್ಷೆ ಸುಮಾರು 20 ನಿಮಿಷದ್ದು: ಹೊಸ ಕೋಣೆ, ಆಟಿಕೆಗಳು, ಒಬ್ಬ ಅಪರಿಚಿತೆ. ತಾಯಿ ಎರಡು ಸಲ ಹೊರಗೆ ಹೋಗಿ ಎರಡು ಸಲ ವಾಪಸ್ ಬರುತ್ತಾಳೆ. ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಬಂದಾಗ ಏನು ಮಾಡಿತು ಎಂಬುದರಲ್ಲೇ ಹೆಚ್ಚು ವಿಷಯವಿತ್ತು. ಹೆಚ್ಚಿನ ಮಕ್ಕಳು ಅಳುತ್ತ ಬಂದು ಅಪ್ಪಿಕೊಂಡು, ಸಮಾಧಾನವಾಗಿ, ಮತ್ತೆ ಆಟಕ್ಕೆ ಹೋದವು. ಕೆಲವು ತಾಯಿಯನ್ನು ನೋಡದಂತೆ ಮುಖ ತಿರುಗಿಸಿ ಆಟಿಕೆ ಹಿಡಿದು ಕೂತವು. ಮುಂದೆ ಬೇರೆ ಸಂಶೋಧಕರು ಅಂಥ ಮಕ್ಕಳ ಎದೆಬಡಿತ ಅಳೆದರು. ಹೊರಗೆ ತಣ್ಣಗೆ ಕಾಣುತ್ತಿದ್ದ ಮಕ್ಕಳ ಎದೆ ಒಳಗೆ ಜೋರಾಗಿಯೇ ಬಡಿಯುತ್ತಿತ್ತು.

ಇದನ್ನು ಓದಿದ ದಿನ ನನ್ನ ಮಗಳ ತಿರುಗಿಸಿದ ಮುಖ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ಒಂದು ಸಂಜೆಯ ಮುನಿಸು ನೋಡಿ ಮಗುವಿಗೆ ಹಣೆಪಟ್ಟಿ ಹಚ್ಚಬೇಡಿ. ದಣಿದ ಮಗು, ಹಸಿದ ಮಗು, ಆಟದಲ್ಲಿ ಮುಳುಗಿದ ಮಗು ಎಲ್ಲವೂ ಮುಖ ತಿರುಗಿಸುತ್ತವೆ. ಐನ್ಸ್‌ವರ್ತ್ ಅವರ ಕೆಲಸದಿಂದ ನಾನು ಎತ್ತಿಟ್ಟುಕೊಂಡದ್ದು ಬೇರೆ. ಗಟ್ಟಿ ಬಂಧ ಇದ್ದ ಮನೆಗಳಲ್ಲಿ ತಾಯಂದಿರು ಮಗುವಿನ ಸೂಚನೆ ಗಮನಿಸುತ್ತಿದ್ದರು, ಅದರ ಅರ್ಥ ಹಿಡಿಯುತ್ತಿದ್ದರು, ತಡಮಾಡದೆ ಅದಕ್ಕೆ ತಕ್ಕಂತೆ ಸ್ಪಂದಿಸುತ್ತಿದ್ದರು. ಮುಂದಿನ ಹೆಜ್ಜೆಗಳೆಲ್ಲ ಈ ಮೂರರ ಸುತ್ತಲೇ ಇವೆ.

ಹೆಜ್ಜೆ 1: ಹೊಟ್ಟೆ, ನಿದ್ದೆ, ನೋವು ನೋಡಿ

ಮನಸ್ಸಿಗೆ ಹೋಗುವ ಮುಂಚೆ ಮೈ ನೋಡಿ. ಹಸಿವೇ, ನಿದ್ದೆಯೇ, ಜ್ವರವೇ, ಕಿವಿನೋವೇ, ಡೈಪರ್ ಒದ್ದೆಯೇ? ಆರು ತಿಂಗಳೊಳಗಿನ ಮಗುವಿನಲ್ಲಿ ಮೈ ಮನಸ್ಸು ಬೇರೆ ಬೇರೆಯಾಗಿರುವುದೇ ಇಲ್ಲ. ಹುಟ್ಟಿದ ಮಕ್ಕಳ ಅಳು ಸುಮಾರು ಆರನೇ ವಾರದಲ್ಲಿ ಅತಿ ಹೆಚ್ಚಾಗಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಆ ದಿನಗಳಲ್ಲಿ "ಎತ್ತಿ ಎತ್ತಿ ಅಭ್ಯಾಸ ಮಾಡ್ಬೇಡಿ" ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಎತ್ತಿಕೊಳ್ಳಿ. ಐನ್ಸ್‌ವರ್ತ್ ಮತ್ತು ಅವರ ಸಹೋದ್ಯೋಗಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಅತ್ತ ಕೂಡಲೇ ಯಾರಾದರೂ ಬಂದು ಎತ್ತಿಕೊಂಡ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದವು.

ಹೆಜ್ಜೆ 2: ಮಾತಿಗೆ ಮುಂಚಿನ ಮಾತು ಕೇಳಿಸಿಕೊಳ್ಳಿ

ನಾಮಕರಣದ ದಿನ ಮಗುವನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ಸಾಗಿಸುತ್ತೇವೆ. ಚಿಟಿಕೆ ಹೊಡೆಯುತ್ತಾರೆ, ಕೆನ್ನೆ ಹಿಂಡುತ್ತಾರೆ, ಫೋಟೊ ತೆಗೆಯುತ್ತಾರೆ. ಮಗು ಮೊದಲು ಕಣ್ಣು ತಪ್ಪಿಸುತ್ತದೆ, ಆಮೇಲೆ ತಲೆ ತಿರುಗಿಸುತ್ತದೆ, ಬೆನ್ನು ಬಿಲ್ಲಿನಂತೆ ಬಾಗಿಸುತ್ತದೆ, ಬಿಕ್ಕಳಿಸುತ್ತದೆ. ಯಾರೂ ನೋಡದಿದ್ದರೆ ಕೊನೆಗೆ ಕಿರುಚುತ್ತದೆ. "ಸಾಕು" ಎಂದು ಅದು ನಾಲ್ಕು ಸಲ ಹೇಳಿ ಆಗಿರುತ್ತದೆ. ಮೊದಲ ಸಲವೇ ಹಿಡಿದರೆ ಅಳು ಬರುವುದೇ ಇಲ್ಲ. ಮಗುವನ್ನು ಭುಜಕ್ಕೆ ಹಾಕಿಕೊಂಡು, ಫ್ಯಾನ್ ಮಾತ್ರ ತಿರುಗುತ್ತಿರುವ ಒಳಕೋಣೆಗೆ ಹೋಗಿ ಹತ್ತು ನಿಮಿಷ ಇದ್ದುಬನ್ನಿ. ನೆಂಟರು ಏನಂದುಕೊಂಡಾರು ಎಂಬ ಸಂಕೋಚ ಬೇಡ.

ಎಂಟನೇ ತಿಂಗಳ ಆಸುಪಾಸಿನಲ್ಲಿ ಇನ್ನೊಂದು ಕಷ್ಟ ಬರುತ್ತದೆ. ಹಾಸನದಿಂದ ಅಜ್ಜ ಅಜ್ಜಿ ಬೆಳಗಿನ ಬಸ್ಸು ಹಿಡಿದು, ಕೋಡುಬಳೆ ಡಬ್ಬಿ ಹೊತ್ತು ಬಂದಿರುತ್ತಾರೆ. ಮೂರು ತಿಂಗಳ ಹಿಂದೆ ನಗುತ್ತ ತೊಡೆ ಏರಿದ್ದ ಮಗು ಈಗ ಅವರನ್ನು ಕಂಡು ಕಿಟಾರನೆ ಕಿರುಚುತ್ತದೆ. ಅಜ್ಜಿಯ ಮುಖ ಸಪ್ಪಗಾಗುತ್ತದೆ. ಇದು ಅಪರಿಚಿತರ ಭಯ. ತನ್ನವರು ಯಾರು, ಹೊರಗಿನವರು ಯಾರು ಎಂದು ಮಗು ಬಿಡಿಸಿ ನೋಡುವಷ್ಟು ಬೆಳೆದಿದೆ ಎಂದೇ ಅರ್ಥ. ಅಜ್ಜಿಗೆ ಹೀಗೆ ಹೇಳಿ: "ಅತ್ತೆ, ಅವನಿಗೆ ಈ ವಯಸ್ಸಲ್ಲಿ ಹೀಗಾಗುತ್ತಂತೆ. ಒಂದರ್ಧ ಗಂಟೆ ನೀವು ಪಕ್ಕದಲ್ಲಿ ಸುಮ್ನೆ ಕೂತ್ಕೊಂಡಿರಿ, ಅವನೇ ಬರ್ತಾನೆ." ನಮ್ಮ ಮನೆಯಲ್ಲಿ ಅರ್ಧ ಗಂಟೆ ಸಾಲದೆ ಮಧ್ಯಾಹ್ನದ ಊಟದವರೆಗೆ ಕಾಯಬೇಕಾಯಿತು. ಆದರೆ ಬಂದದ್ದು ಅವಳಾಗಿಯೇ ಬಂದಳು.

ಹೆಜ್ಜೆ 3: ನಿಮ್ಮ ಊಹೆಯನ್ನು ಮಗುವಿಗೆ ಕೇಳುವಂತೆ ಹೇಳಿ

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಇಂಗ್ಲೆಂಡಿನ ಮನೋವಿಜ್ಞಾನಿ ಎಲಿಜಬೆತ್ ಮೈನ್ಸ್ ಮತ್ತು ಸಂಗಡಿಗರು, ತಾಯಂದಿರು ಆರು ತಿಂಗಳ ಕೂಸಿನ ಜೊತೆ ಆಡುವ ಮಾತುಗಳನ್ನು ಆಲಿಸಿದರು. "ನಿಂಗೆ ಆ ಚೆಂಡು ಬೇಕು ಅನ್ನಿಸ್ತಿದೆ ಅಲ್ವಾ", "ಬೇಸರ ಬಂತಾ" ಎಂಬ ಬಗೆಯಲ್ಲಿ ಮಗುವಿನ ಒಳಗೆ ನಿಜವಾಗಿ ನಡೆಯುತ್ತಿರುವುದಕ್ಕೆ ಹೊಂದುವ ಮಾತಾಡಿದ ತಾಯಂದಿರ ಮಕ್ಕಳಲ್ಲಿ, ಒಂದು ವರ್ಷವಾದಾಗ ಗಟ್ಟಿ ಬಂಧ ಹೆಚ್ಚಾಗಿ ಕಂಡಿತು. 2001ರಲ್ಲಿ ಇದು ಪ್ರಕಟವಾಯಿತು. ಇಲ್ಲಿ "ಹೊಂದುವ" ಎಂಬ ಪದವೇ ಮುಖ್ಯ. ಮಗು ಚೆಂಡಿನ ಜೊತೆ ಖುಷಿಯಾಗಿ ಆಡುತ್ತಿರುವಾಗ "ನಿದ್ದೆ ಬಂತಾ, ಮಲಗು" ಎಂದರೆ ಅದು ನಮ್ಮ ದಣಿವಿನ ಮಾತು, ಮಗುವಿನದಲ್ಲ.

ಹೇಳಲು ಪದ ಬೇಕು. ಕನ್ನಡದಲ್ಲಿ ನಾವು ಎಲ್ಲದಕ್ಕೂ "ಬೇಜಾರು" ಎಂದುಬಿಡುತ್ತೇವೆ. ಆಟಿಕೆ ಒಡೆದರೂ ಬೇಜಾರು, ಆಡಲು ಯಾರೂ ಇಲ್ಲದಿದ್ದರೂ ಬೇಜಾರು, ಅಮ್ಮ ಬೈದರೂ ಬೇಜಾರು. ಮಗುವಿಗೆ ಇದನ್ನು ಬಿಡಿಸಿ ಕೊಡಿ. ಅಮ್ಮ ತಮ್ಮನನ್ನು ಎತ್ತಿಕೊಂಡಾಗ ಬಂದದ್ದು ಹೊಟ್ಟೆಕಿಚ್ಚು. ಪಟಾಕಿ ಸದ್ದಿಗೆ ಬಂದದ್ದು ದಿಗಿಲು. ಪಾರ್ಕಿಗೆ ಹೋಗೋಣ ಎಂದು ಹೊರಟಾಗ ಮಳೆ ಬಂದರೆ ನಿರಾಸೆ, ಮೂರು ವರ್ಷದವಳಿಗಾದರೆ "ಆಸೆ ಮುರೀತಾ?" ಎಂದರೂ ಸಾಕು. ಮದುವೆಮನೆಯಲ್ಲಿ ಅಮ್ಮನ ಹಿಂದೆ ಅವಿತುಕೊಳ್ಳುವುದು ನಾಚಿಕೆ. ಲೇಬಲ್ ಕೆರೆಯುವ ಸ್ವೆಟರ್ ಹಾಕಿದಾಗ ಕಸಿವಿಸಿ. ಇನ್ನು ಮುನಿಸು ಅಂತೂ ಇದ್ದೇ ಇದೆ. ಬೆಂಗಳೂರಿನ ಮಕ್ಕಳು ಪ್ಲೇ ಹೋಮ್‌ನಲ್ಲಿ ಇಂಗ್ಲಿಷ್, ನೋಡಿಕೊಳ್ಳುವ ಅಕ್ಕನ ಜೊತೆ ತಮಿಳೋ ಹಿಂದಿಯೋ, ಮನೆಯಲ್ಲಿ ಕನ್ನಡ ಹೀಗೆ ಮೂರು ಭಾಷೆಯಲ್ಲಿ ಬೆಳೆಯುತ್ತಾರೆ. ಬಣ್ಣ, ಅಂಕಿ ಯಾವ ಭಾಷೆಯಲ್ಲಾದರೂ ಕಲಿಯಲಿ. ನೋವು ಮತ್ತು ಭಯದ ಪದಗಳನ್ನು ಅವರನ್ನು ಎತ್ತಿಕೊಂಡು ಮಲಗಿಸುವ ಭಾಷೆಯಲ್ಲಿ ಮೊದಲು ಕೊಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೇಳುವಾಗ ತೀರ್ಪಿನ ಧ್ವನಿ ಬೇಡ. "ನಿಂಗೆ ಕೋಪ ಬಂದಿದೆ!" ಎಂದರೆ ಮಗುವಿಗೆ ಬೈಗುಳದಂತೆ ಕೇಳುತ್ತದೆ. "ಕೋಪ ಬಂತೇನೋ ಪುಟ್ಟಿಗೆ?" ಎಂದು ಕೇಳಿ ಸುಮ್ಮನಾಗಿ. ಊಹೆ ತಪ್ಪಿದ್ದರೆ ಮಗು ಹೇಳುತ್ತದೆ. ಒಮ್ಮೆ ನಾನು "ಟೀಚರ್ ಬೈದ್ರಾ?" ಎಂದು ಕೇಳುತ್ತಲೇ ಇದ್ದೆ. ಅವಳು ಕೊನೆಗೆ "ಇಲ್ಲಾ, ಸಾಕ್ಸು!" ಎಂದು ಕಾಲು ಎತ್ತಿ ತೋರಿಸಿದಳು. ಬೆಳಗಿನಿಂದ ಸಾಕ್ಸಿನೊಳಗೆ ಒಂದು ಗೋಲಿಯಷ್ಟು ನೂಲಿನ ಗಂಟು ಕೂತಿತ್ತು.

ಹೆಜ್ಜೆ 4: ಭಾವನೆಗೆ ಹೂಂ, ಹೊಡೆತಕ್ಕೆ ಉಹೂಂ

ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ಹತ್ತಿ ಇಳಿದ ಮಗು "ಇನ್ನೊಂದ್ಸಲ" ಎಂದು ನೆಲದ ಮೇಲೆ ಬಿದ್ದು ಹೊರಳಾಡಿದರೆ ಏನು ಮಾಡುವುದು? ನೂರು ಜನ ನೋಡುತ್ತಿರುತ್ತಾರೆ. ಹಿಂದೆ ನಾನು ಫೋನ್ ಕೈಗೆ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದೆ. ಅಳು ನಿಲ್ಲುತ್ತಿತ್ತು, ಆದರೆ ಅತ್ತದ್ದು ಯಾಕೆಂದು ಅವಳಿಗೂ ಗೊತ್ತಾಗುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ. ಒಂದು ವರ್ಷದ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಈಗ ಮಾಡುವುದು ಇಷ್ಟು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕಣ್ಣಿನ ಮಟ್ಟಕ್ಕೆ ಇಳಿದು ಹೇಳುತ್ತೇನೆ: "ರೈಲು ಎಷ್ಟು ಚೆನ್ನಾಗಿತ್ತು! ಇನ್ನೂ ಬೇಕು ಅನ್ನಿಸ್ತಿದೆ. ಇಳಿಯೋಕೆ ಮನಸ್ಸೇ ಇಲ್ಲ." ಆಮೇಲೆ ಸುಮ್ಮನಿರುತ್ತೇನೆ. ಅಳು ಒಂದು ಏರು ಏರಿ ಇಳಿಯುತ್ತದೆ, ಆ ಏರಿನಲ್ಲಿ ಬುದ್ಧಿಮಾತು ಹೇಳಿ ಪ್ರಯೋಜನವಿಲ್ಲ. ಆಸೆಯನ್ನು ತಡೆದು ಹಿಡಿಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ವಯಸ್ಸು ದಾಟಬೇಕು. ಎರಡು ವರ್ಷದ ಮಗುವಿನಿಂದ ನಾವು ಅದನ್ನು ನಿರೀಕ್ಷಿಸುವುದು ಅನ್ಯಾಯ. ನನ್ನನ್ನು ಹೊಡೆಯಲು ಬಂದರೆ ಕೈ ಮೆಲ್ಲಗೆ ಹಿಡಿದು "ಕೋಪ ಬರಲಿ, ಹೊಡೆಯೋಕೆ ಬಿಡಲ್ಲ" ಎನ್ನುತ್ತೇನೆ. ಅಳು ಇಳಿದ ಮೇಲೆ ಎತ್ತಿಕೊಂಡು ಹೊರಡುತ್ತೇನೆ. ಅತ್ತಳೆಂದು ಎರಡನೇ ಟಿಕೆಟ್ ತೆಗೆಯುವುದಿಲ್ಲ.

ಕೆಲವು ಹಳೆಯ ಅಭ್ಯಾಸಗಳನ್ನು ಬಿಡಬೇಕಾಗುತ್ತದೆ. ಗುಮ್ಮ ಬರ್ತಾನೆ, ಪೊಲೀಸ್ ಹಿಡ್ಕೊಂಡು ಹೋಗ್ತಾರೆ, ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ ಎಂದು ಹೆದರಿಸಿದರೆ, ಮಗು ನಿಜವಾಗಿ ಕಳೆದುಹೋದ ದಿನ ಪೊಲೀಸರ ಬಳಿ ಹೋಗುವುದಿಲ್ಲ, ಜ್ವರ ಬಂದ ದಿನ ಡಾಕ್ಟರ ಮುಂದೆ ಬಾಯಿ ತೆರೆಯುವುದಿಲ್ಲ. "ಗಂಡು ಹುಡುಗ ಅಳ್ತಾನಾ, ಶೇಮ್ ಶೇಮ್" ಎಂಬುದೂ ಬೇಡ. ಬಿದ್ದಾಗ ನೆಲಕ್ಕೆ ಎರಡು ಹೊಡೆದು "ನೋಡು, ಹೊಡ್ದೆ" ಎನ್ನುವುದರ ಹಿಂದೆ ಅಜ್ಜಿಯಂದಿರ ಪ್ರೀತಿ ಇದೆ ಎಂದು ಬಲ್ಲೆ. ಆದರೂ ನೋವಾದರೆ ಯಾರಿಗಾದರೂ ಹೊಡೆಯಬೇಕು ಎಂಬ ಪಾಠ ಅದರಲ್ಲಿ ಸೇರಿಕೊಂಡಿದೆ. ಮಂಡಿ ಉಜ್ಜಿ "ನೋವಾಯ್ತಾ ಕಂದ, ಎಲ್ಲಿ?" ಎಂದರೆ ಮಗುವಿಗೆ ಅಷ್ಟೇ ಸಾಕಾಗುತ್ತದೆ.

ಹೆಜ್ಜೆ 5: ಕಣ್ಣು ತಪ್ಪಿಸಿ ಹೋಗಬೇಡಿ

ಬೆಳಿಗ್ಗೆ ಅಳು ತಪ್ಪಿಸಲು, ಮಗುವನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಪಾರಿವಾಳ ತೋರಿಸುತ್ತಿರುವಾಗ ಅಪ್ಪ ಅಮ್ಮ ಸದ್ದಿಲ್ಲದೆ ಲಿಫ್ಟ್ ಹತ್ತುವುದು ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯ. ಅಳು ಆ ಕ್ಷಣಕ್ಕೆ ತಪ್ಪುತ್ತದೆ. ಆದರೆ ಅಪ್ಪ ಅಮ್ಮ ಯಾವ ಗಳಿಗೆಯಲ್ಲಾದರೂ ಮಾಯವಾಗಬಹುದು ಎಂದು ಮಗು ಕಲಿಯುತ್ತದೆ, ಮಾರನೇ ದಿನದಿಂದ ಬಚ್ಚಲಿಗೂ ಬೆನ್ನು ಬಿಡದೆ ಬರುತ್ತದೆ. ಅಗಲಿಕೆಯ ಭಯ ಹತ್ತರಿಂದ ಹದಿನೆಂಟು ತಿಂಗಳ ನಡುವೆ ಅತಿ ಜೋರು.

ಹೇಳಿಯೇ ಹೋಗಿ. ಮುತ್ತು, ಒಂದು ಮಾತು, ಕೈ ಬೀಸುವುದು, ಪ್ರತಿದಿನ ಅದೇ ಕ್ರಮದಲ್ಲಿ. ಒಂದು ನಿಮಿಷ ಸಾಕು. ಹೋಗಿ ಮತ್ತೆ ಮತ್ತೆ ಬಾಗಿಲು ತೆಗೆದು ಇಣುಕಬೇಡಿ. "ಆರು ಗಂಟೆಗೆ ಬರ್ತೀನಿ" ಎಂಬ ಮಾತು ಮಗುವಿಗೂ ಅರ್ಥವಾಗುವುದಿಲ್ಲ, ಈ ಊರಿನ ರಸ್ತೆಯಲ್ಲಿ ನಮಗೂ ಉಳಿಸಿಕೊಳ್ಳಲಾಗುವುದಿಲ್ಲ. "ಅಜ್ಜಿ ನಿಂಗೆ ರಾತ್ರಿ ಊಟ ಮಾಡಿಸ್ತಾರೆ, ಆಮೇಲೆ ಅಪ್ಪ ಬರ್ತೀನಿ" ಎಂದು ದಿನದ ಕೆಲಸಗಳ ಸಾಲಿನಲ್ಲಿ ಹೇಳಿ. ಡೇ ಕೇರ್‌ಗೆ ಹೋಗುವ ಮಗುವಿನ ಚೀಲದಲ್ಲಿ ಅಮ್ಮನ ಹಳೆಯ ಕಾಟನ್ ಸೀರೆಯ ತುಂಡೊಂದನ್ನು ಇಡಿ, ಒಗೆಯದೆ, ಅಮ್ಮನ ವಾಸನೆಯ ಸಮೇತ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಬಂದ ನಿಯಮದಂತೆ 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುವಿಹಾರದ ಸೌಲಭ್ಯ ಕೊಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ನಿಮ್ಮ ಆಫೀಸಿನಲ್ಲಿ ಕೇಳಿ, ಕೇಳಲು ಹಿಂಜರಿಯಬೇಡಿ.

ಹೆಜ್ಜೆ 6: ಮನೆಗೆ ಬಂದ ಮೊದಲ ಹದಿನೈದು ನಿಮಿಷ

ಡೇ ಕೇರ್ ಗೇಟಿನಲ್ಲಿ ಅಮ್ಮನನ್ನು ಕಂಡ ಕೂಡಲೇ ಮಗು ಬಾಟಲಿ ಎಸೆದು ಕೂಗಾಡುತ್ತದೆ. "ಇಷ್ಟೊತ್ತು ಚೆನ್ನಾಗೇ ಆಡ್ತಿದ್ದ" ಎಂದು ಅಲ್ಲಿನ ಆಂಟಿ ಹೇಳುತ್ತಾರೆ, ಅಮ್ಮನಿಗೆ ಚುಚ್ಚಿದಂತಾಗುತ್ತದೆ. ಎಂಟು ಗಂಟೆ ಹಿಡಿದಿಟ್ಟುಕೊಂಡದ್ದನ್ನು ಮಗು ತನ್ನ ನಂಬಿಕೆಯ ಜಾಗಕ್ಕೆ ಬಂದು ಇಳಿಸುತ್ತಿದೆ, ಅಷ್ಟೇ.

ಬಾಗಿಲ ಬಳಿ ಫೋನನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಒಳಗೆ ಬನ್ನಿ. ಕೈಕಾಲು ತೊಳೆದು ನೆಲದ ಮೇಲೆ ಕೂತುಬಿಡಿ. "ಇವತ್ತು ಏನ್ ಹೇಳಿಕೊಟ್ರು" ಎಂಬ ಪ್ರಶ್ನೆ ಆಗಲೇ ಬೇಡ. ಮಗು ಬಂದರೆ ತೊಡೆ ಇದೆ, ಬರದಿದ್ದರೆ ನೀವು ಅಲ್ಲೇ ಇದ್ದೀರಿ. ಮಗಳ ಮುನಿಸಿಗೆ ನಾನು ಕೊನೆಗೆ ಕಂಡುಕೊಂಡದ್ದು ಇದನ್ನೇ. ಮೂರಡಿ ದೂರದಲ್ಲಿ ಕೂತು "ಅಪ್ಪ ಬರೋದು ತುಂಬಾ ಹೊತ್ತಾಯ್ತು. ಕಾದು ಕಾದು ಮುನಿಸು ಬಂತು" ಎಂದೆ. ಅವಳು ತಿರುಗಲಿಲ್ಲ. ಸುಮ್ಮನೆ ಅವಳ ಬ್ಲಾಕ್‌ಗಳನ್ನು ಒಂದರ ಮೇಲೊಂದು ಇಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಕಾಲು ಬಂದು ಗೋಪುರ ಒದ್ದು ಬೀಳಿಸಿತು. ಮತ್ತೆ ಕಟ್ಟಿದೆ. ಮತ್ತೆ ಒದ್ದಳು, ಈ ಸಲ ನಗುತ್ತ.

ಫೋನ್ ಯಾಕೆ ಹೊರಗೆ ಎಂಬುದಕ್ಕೆ 1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಮಾಡಿದ ಪ್ರಯೋಗ ನೆನೆಯಿರಿ. ಮಗುವಿನ ಜೊತೆ ನಗುನಗುತ್ತ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖವನ್ನು ಕಲ್ಲಿನಂತೆ ಮಾಡಿಕೊಳ್ಳುತ್ತಾಳೆ. ಎರಡು ಮೂರು ನಿಮಿಷದ ಒಳಗೇ ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಕೊನೆಗೆ ಕುಗ್ಗಿ ಮುಖ ತಿರುಗಿಸುತ್ತದೆ. ಫೋನ್ ನೋಡುವಾಗ ನಮ್ಮ ಮುಖ ಹೇಗಿರುತ್ತದೆ ಎಂದು ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ.

ಹೆಜ್ಜೆ 7: ತಪ್ಪಿದರೆ ಹೊಲಿಯಿರಿ

ಅದೇ ಟ್ರಾನಿಕ್ ಇನ್ನೊಂದು ಸಂಗತಿಯನ್ನೂ ಕಂಡರು. ಚೆನ್ನಾಗಿ ಹೊಂದಿಕೊಂಡ ತಾಯಿ ಮಗು ಕೂಡ ಹೆಚ್ಚಿನ ಹೊತ್ತು ತಾಳ ತಪ್ಪುತ್ತಲೇ ಇರುತ್ತಾರೆ, ಮತ್ತೆ ಮತ್ತೆ ಕೂಡಿಕೊಳ್ಳುತ್ತಾರೆ. ಹಾಗಾಗಿ ಕೂಗಾಡಿದ ರಾತ್ರಿ ಕೂತು ಕೊರಗಬೇಡಿ. "ಅಪ್ಪ ಜೋರಾಗಿ ಕೂಗಿದೆ. ನಿಂಗೆ ಹೆದರಿಕೆ ಆಯ್ತು. ತಪ್ಪಾಯ್ತು ಕಂದ" ಎಂದು ಹೇಳಿ. "ಆದ್ರೆ ನೀನೂ ಹಾಲು ಚೆಲ್ಲಿದ್ದೆ" ಎಂಬ ಬಾಲ ಅಂಟಿಸಬೇಡಿ. "ಇನ್ನು ಬರೋದೇ ಇಲ್ಲ" ಎಂದ ನನ್ನ ಮಾತಿಗೆ ನಾನು ಮೂರು ರಾತ್ರಿ ತಪ್ಪು ಕೇಳಿದೆ, ಅವಳು ಮೂರು ರಾತ್ರಿಯೂ ಆ ವಿಷಯ ತೆಗೆದದ್ದರಿಂದ.

ಮನೆಯ ಹಿರಿಯರು "ನಿಮ್ಮನ್ನೆಲ್ಲ ಹೀಗಾ ಬೆಳೆಸಿದ್ದು?" ಎಂದರೆ ವಾದಕ್ಕಿಳಿಯಬೇಡಿ. "ಅಮ್ಮಾ, ಅವಳಿಗೆ ಮುನಿಸು ಅಂತ ಮೊದಲು ಗುರುತಿಸಿದ್ದು ನೀನೇ ಅಲ್ವಾ" ಎಂದು ನಾನು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಗುಮ್ಮನ ಓಡಾಟ ನಿಂತಿತು.

ನಿಮ್ಮ ಮನಸ್ಸೇ ಬರಿದಾದಾಗ

ಮಗುವನ್ನು ಕಂಡರೆ ಏನೂ ಅನ್ನಿಸುತ್ತಿಲ್ಲ, ಎರಡು ವಾರವಾದರೂ ಅಳು ನಿಲ್ಲುತ್ತಿಲ್ಲ, ಮಗು ಮಲಗಿದಾಗಲೂ ನಿದ್ದೆ ಬರುತ್ತಿಲ್ಲ ಎನ್ನುವ ಬಾಣಂತಿಗೆ ಮೇಲಿನ ಯಾವ ಹೆಜ್ಜೆಯನ್ನೂ ಒಪ್ಪಿಸಬೇಡಿ. ಮೊದಲು ಅವಳಿಗೆ ಆರೈಕೆ ಬೇಕು. ಅಭಿವೃದ್ಧಿಶೀಲ ದೇಶಗಳಲ್ಲಿ ಹೆರಿಗೆಯಾದ ಸುಮಾರು 20 ಪ್ರತಿಶತ ತಾಯಂದಿರು ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ, ಅನುಭವಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. "ಬಾಣಂತಿಗೆ ಇದೆಲ್ಲ ಇದ್ದದ್ದೇ" ಎಂದು ತಳ್ಳಿಹಾಕಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನಿಂದ ಬೇರ್ಪಡಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿ ಚಿಕಿತ್ಸೆ ನೀಡುವ ವಿಭಾಗವಿದೆ. ಮನೆಯಿಂದಲೇ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ.

ಮಗು ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಬಂದಿದ್ದ ಮಾತು ಹೋದರೆ, ಅದನ್ನು ಬಂಧದ ಲೆಕ್ಕಕ್ಕೆ ಹಾಕದೆ ಮಕ್ಕಳ ವೈದ್ಯರಿಗೆ ತೋರಿಸಿ.

ಮಗು ಮಲಗಿದ ಮೇಲೆ ಮನೆ ಸೇರುವ ದಿನಗಳಿಗೆ

ಆಫೀಸಿನಲ್ಲಿ ರಿಲೀಸ್‌ನ ಒತ್ತಡ ಇರುವ ವಾರ, ರಿಂಗ್ ರೋಡಿನಲ್ಲಿ ನೀರು ನಿಂತ ರಾತ್ರಿ, ಹದಿನೈದು ನಿಮಿಷ ಸಿಗುವುದೇ ಇಲ್ಲ. ಎಬ್ಬಿಸಬೇಡಿ. ಬಸ್ ಸ್ಟಾಪಿನಿಂದ ಬರುವಾಗ ದಾರಿಯಲ್ಲಿ ಬಿದ್ದಿರುವ ಹೂವೊಂದನ್ನು ಎತ್ತಿಕೊಂಡು ಬಂದು ದಿಂಬಿನ ಪಕ್ಕ ಇಡುತ್ತೇನೆ, ಚಳಿ ಶುರುವಾಗುವ ಹೊತ್ತಿಗೆ ಆಕಾಶಮಲ್ಲಿಗೆ, ಬೇಸಿಗೆ ಹತ್ತಿರವಾದರೆ ಹೊಂಗೆ. ಬೆಳಿಗ್ಗೆ ಕಣ್ಣುಜ್ಜುತ್ತ, ಬಾಡಿದ ಹೂ ಹಿಡಿದುಕೊಂಡು ಅವಳು ಅಡುಗೆಮನೆಗೆ ಹೋಗುತ್ತಾಳೆ. "ಅಜ್ಜಿ, ಅಪ್ಪ ರಾತ್ರಿ ಬಂದಿದ್ದ" ಎಂದು ಸುದ್ದಿ ಮುಟ್ಟಿಸುತ್ತಾಳೆ. ಆಮೇಲೆ ಬಂದು ನನ್ನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡುತ್ತಾಳೆ.